ಮ್ಯಾರಥಾನ್ ಮುಗಿದ ಮೇಲಿನ ಮೂರು ವಾರ

42 ಕಿಲೋಮೀಟರ್ ಓಡಿದ ಮೇಲೆ ಕಾಲು ಅತಿಯಾಗಿ ನೋಯುವುದು ಅವತ್ತೇ ಅಲ್ಲ, ಎರಡನೇ ದಿನ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು, ಎಳೆಗಳು ಸೀಳುವುದು ಆಗಲೇ. ನಮ್ಮ ಮಲೆನಾಡಿನ ರಸ್ತೆಗಳಲ್ಲಿ ಇಳಿಜಾರಿಗೆ ಬರವಿಲ್ಲ. ಐದಾರು ದಿನಕ್ಕೆ ನೋವು ಹೋಗುತ್ತದೆ, ಆದರೆ ಹಿಮ್ಮಡಿ ಮೇಲಿನ ಸ್ನಾಯುರಜ್ಜು ಮತ್ತು ಮೂಳೆ ಸುಧಾರಿಸಲು ಇನ್ನೂ ಹೊತ್ತು ಬೇಕು. ನೋವು ಹೋಯಿತೆಂದು ಎರಡನೇ ವಾರವೇ ಜೋರಾಗಿ ಓಡಿದರೆ ಪೆಟ್ಟು ಮಾಡಿಕೊಳ್ಳುವ ಸಾಧ್ಯತೆ ಇದೆ.

ಓಟ ಮುಗಿದ ಕೂಡಲೇ ನಾನು ಕೂರುವುದಿಲ್ಲ. ಹದಿನೈದು ನಿಮಿಷ ನಿಧಾನವಾಗಿ ನಡೆದು, ಒದ್ದೆ ಬನಿಯನ್ ಬದಲಾಯಿಸುತ್ತೇನೆ. ಬರೀ ನೀರನ್ನು ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ ಶುರುವಾಗುತ್ತದೆ. ಅದಕ್ಕೇ ಉಪ್ಪು ಹಾಕಿದ ನೀರುಮಜ್ಜಿಗೆ, ಇಲ್ಲವೇ ಉಪ್ಪು, ಬೆಲ್ಲ ಸೇರಿಸಿದ ಮುರುಗಲು ಪಾನಕವನ್ನು ಬಾಯಾರಿಕೆಗೆ ತಕ್ಕಷ್ಟು, ಗುಟುಕು ಗುಟುಕಾಗಿ. ಗಂಟೆಯೊಳಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಮೂರು ಮೊಟ್ಟೆ, ಒಂದು ಲೋಟ ಹಾಲು. ಇಷ್ಟರಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಸಿಗುತ್ತದೆ. ಮೊಟ್ಟೆ ತಿನ್ನದವರು 50 ಗ್ರಾಂ ಹುರುಳಿಯನ್ನು ಮೊಳಕೆ ಕಟ್ಟಿ ಬೇಯಿಸಿಕೊಂಡು, ಎರಡು ಲೋಟ ಹಾಲು ಕುಡಿದರೆ ಹೆಚ್ಚುಕಡಿಮೆ ಅಷ್ಟೇ ಆಯಿತು. ಸ್ನಾಯುವಿನಲ್ಲಿ ಖಾಲಿಯಾದ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆಯಂಶ, ತುಂಬಲು ಒಂದೆರಡು ದಿನ ಬೇಕು, ಆ ದಿನಗಳಲ್ಲಿ ಅನ್ನ, ಕಡುಬು, ರೊಟ್ಟಿಗೆ ಲೆಕ್ಕ ಹಾಕಬಾರದು.

ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಯನ್ನು ಮೊದಲ ಎರಡು ದಿನ ಮುಟ್ಟುವುದಿಲ್ಲ. ನೀರು ಬತ್ತಿದ ಮೈಯಲ್ಲಿ ಅದು ಮೂತ್ರಪಿಂಡಕ್ಕೆ ಕೇಡು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ತುಂಗೆಯ ತಣ್ಣೀರಲ್ಲಿ ಮೊಣಕಾಲುದ್ದ ಹತ್ತು ನಿಮಿಷ ನಿಂತರೆ ನೋವು ಶಮನವಾಗುತ್ತದೆ, ನಿಜ. ಆದರೆ ಬೊಬ್ಬೆ ಒಡೆದಿದ್ದರೆ ಹೊಳೆ, ಗದ್ದೆ ಎರಡಕ್ಕೂ ಇಳಿಯಬೇಡಿ, ಇಲಿಜ್ವರ ಅಂಥ ಗಾಯದಿಂದಲೂ ಬರುತ್ತದೆ. ಮಳೆಗಾಲದಲ್ಲಂತೂ ಹೊಳೆಯ ಹತ್ತಿರವೇ ಬೇಡ.

ಮೊದಲ ವಾರ ಓಟ ಇಲ್ಲ. ಶಿವಮೊಗ್ಗದ ನೆಹರು ಕ್ರೀಡಾಂಗಣದಂಥ ಸಮತಟ್ಟು ಜಾಗದಲ್ಲಿ 20ರಿಂದ 30 ನಿಮಿಷ ನಡಿಗೆ, ಅಷ್ಟೇ. ಓಟಕ್ಕೆ ಮರಳುವ ಮುನ್ನ ಜಗಲಿಯ ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಂತು, ಇನ್ನೊಂದು ಪಾದದ ಹಿಮ್ಮಡಿ ಕೆಳಗಿನ ಮೆಟ್ಟಿಲಿಗೆ ತಾಗುವವರೆಗೆ ಮೂರು ಎಣಿಕೆಯಲ್ಲಿ ಮೊಣಕಾಲು ಬಗ್ಗಿಸಿ. ಹತ್ತು ಸಲ ಮಾಡುವಾಗ ಮೊಣಕಾಲು ಒಳಕ್ಕೆ ವಾಲಿದರೆ ಅಥವಾ ನಡುಗಿದರೆ ಇನ್ನೂ ಮೂರು ದಿನ ನಡಿಗೆಯೇ ಸಾಕು. ಬೆಳಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸಿಕೊಳ್ಳಿ. ಎಂದಿಗಿಂತ ಏಳೆಂಟು ಬಡಿತ ಜಾಸ್ತಿಯಿದ್ದರೆ ಅವತ್ತು ವಿಶ್ರಾಂತಿ. ಎರಡೂ ಸರಿಯಿದ್ದರೆ ಎರಡನೇ ವಾರ ದಿನಬಿಟ್ಟು ದಿನ, ಮಾತಾಡುತ್ತಾ ಓಡಬಹುದಾದ ವೇಗದಲ್ಲಿ 20 ನಿಮಿಷ. ಮೂರನೇ ವಾರ 40 ನಿಮಿಷ. ಆಗುಂಬೆಯ 14 ತಿರುವುಗಳ ಇಳಿತವನ್ನು ತಿಂಗಳು ಕಳೆಯುವವರೆಗೆ ಮರೆತುಬಿಡಿ.

ಇನ್ನು ಮನಸ್ಸಿನ ಮಾತು. ತಿಂಗಳುಗಟ್ಟಲೆ ಗೋಡೆಯ ಮೇಲಿದ್ದ ಅಭ್ಯಾಸದ ಪಟ್ಟಿ ಒಂದೇ ದಿನದಲ್ಲಿ ಖಾಲಿಯಾದಾಗ ಏಳಲು ಕಾರಣವೇ ಕಾಣುವುದಿಲ್ಲ. ಇದನ್ನು ಸೋಮಾರಿತನ ಅನ್ನಬಾರದು. ನಾನು ದೂರದ ಲೆಕ್ಕ ಬಿಟ್ಟು ಹೊತ್ತನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತೇನೆ. ಐದೂವರೆಗೆ ಶೂ ಹಾಕಿ ಗೇಟು ದಾಟಿದರೆ ಆ ದಿನದ ಲೆಕ್ಕ ಸಂದಿತು, ಹತ್ತೇ ನಿಮಿಷ ನಡೆದರೂ ಸರಿ. ಮುಂದಿನ ಸ್ಪರ್ಧೆಗೆ ಹೆಸರು ಕೊಡುವುದು ಮೂರನೇ ವಾರ ಮುಗಿದ ಮೇಲೆ. ಅದಕ್ಕೆ ಮುಂಚೆ ಕೊಟ್ಟವರು ಹುರುಪಿನಲ್ಲಿ ಎರಡನೇ ವಾರವೇ ಜೋರಾಗಿ ಓಡಿಬಿಡುತ್ತಾರೆ.

ಜಡಿಮಳೆಯ ದಿನಗಳಲ್ಲಿ ಏಳದಿರಲು ಒದ್ದೆ ಶೂ ಒಂದೇ ನೆಪ ಸಾಕು. ಎರಡು ಜೊತೆ ಇಟ್ಟುಕೊಳ್ಳಿ. ಬಂದ ತಕ್ಷಣ ಒಳಅಟ್ಟೆ ತೆಗೆದು, ಶೂ ಒಳಗೆ ಹಳೇ ಪೇಪರ್ ತುರುಕಿ, ಗಂಟೆಗೊಮ್ಮೆ ಬದಲಾಯಿಸಿ. ಬಚ್ಚಲ ಒಲೆಯ ಪಕ್ಕ ಇಟ್ಟರೆ ಅಂಟು ಬಿಟ್ಟು ಅಟ್ಟೆ ಕಳಚುತ್ತದೆ, ಫ್ಯಾನ್ ಗಾಳಿಯೇ ಮೇಲು.