ನಮ್ಮ ಚಾವಡಿಯಲ್ಲಿ ಕೂತು ರಗ್ಬಿ ಟೆಸ್ಟ್ ನೋಡುವ ಕ್ರಮ

ರಗ್ಬಿಯಲ್ಲಿ ಟೆಸ್ಟ್ ಎಂದರೆ ದೇಶ-ದೇಶಗಳ ನಡುವಿನ ಆಟ. ಮೊದಲು ಹೊತ್ತು ಗೊತ್ತು ಮಾಡಿಕೊಳ್ಳಿ. ನ್ಯೂಜಿಲೆಂಡಿನಲ್ಲಿ ರಾತ್ರಿ 7.05ಕ್ಕೆ ಆಟ ಸುರುವಾದರೆ ನಮಗೆ ಮಧ್ಯಾಹ್ನ 12.35. ಅದು ಜುಲೈ-ಆಗಸ್ಟಿನ ಲೆಕ್ಕ. ನಮ್ಮ ಕಾಸರಗೋಡಿನ ಬದಿಯಡ್ಕ ಕಡೆಯಲ್ಲಿ ಆಗ ಅಡಿಕೆಗೆ ಮದ್ದು ಬಿಡುವ ಸಮಯ. ಎರಡು ದಿನ ಮಳೆ ಬಿಟ್ಟರೆ ಕೆಲಸದವರು ಸಿಗುವುದು ಶನಿವಾರ, ಆಟ ಇರುವುದೂ ಶನಿವಾರ. ಮೈಲುತುತ್ತು ಕಲಸಿದ ಕೈಯಲ್ಲೇ ಮೊದಲರ್ಧ ನೋಡಿದ್ದು ಎಷ್ಟೋ ಸಲ ಉಂಟು. ದಕ್ಷಿಣ ಆಫ್ರಿಕಾದಲ್ಲಿ ಸಂಜೆ 5ಕ್ಕಾದರೆ ನಮಗೆ ರಾತ್ರಿ 8.30, ಊಟ ಮಾಡಿ ಕೂತರೆ ಸಾಕು. ನವೆಂಬರಿನಲ್ಲಿ ಪ್ಯಾರಿಸಿನ ರಾತ್ರಿ ಆಟ ಎಂದರೆ ಇಲ್ಲಿ ನಡುರಾತ್ರಿ ಕಳೆದು ಒಂದೂವರೆ ಗಂಟೆಯ ನಿದ್ರೆಗೆಟ್ಟ ಹೊತ್ತು. ಮನೆಯವರನ್ನು ಎಬ್ಬಿಸದಂತೆ ಸೌಂಡ್ ಕಡಿಮೆ ಇಡಿ. ಮಳೆಗಾಲದಲ್ಲಿ ಫೋನು ಪೂರ್ತಿ ಚಾರ್ಜ್ ಮಾಡಿಯೇ ಕೂತುಕೊಳ್ಳಿ, ಕರೆಂಟಿನ ಭರವಸೆ ಬೇಡ.

ನಾನು ಈ ಆಟ ಕಂಡದ್ದು ದುಬೈಯಲ್ಲಿ, ಗ್ಯಾರೇಜಿನ ಕೆಲಸದಲ್ಲಿದ್ದಾಗ. ನಮ್ಮ ಫೋರ್‌ಮನ್ ದಕ್ಷಿಣ ಆಫ್ರಿಕಾದವ. ಅವನು ಒಮ್ಮೆ ನಮ್ಮನ್ನೆಲ್ಲ ದುಬೈ ಸೆವೆನ್ಸ್‌ಗೆ ಕರೆದುಕೊಂಡು ಹೋದ. ಏಳೇಳು ಜನ, 14 ನಿಮಿಷದ ಆಟ; ಬರೀ ಓಟ. ಅದನ್ನೇ ರಗ್ಬಿ ಎಂದುಕೊಂಡಿದ್ದೆ. ಹದಿನೈದು ಜನರ 80 ನಿಮಿಷದ ಆಟ ನೋಡಿದಾಗ ತಲೆಬುಡ ತಿಳಿಯಲಿಲ್ಲ. ಎಲ್ಲರೂ ಒಬ್ಬನ ಮೇಲೆ ಬೀಳುತ್ತಾರೆ, ವಿಸಿಲ್ ಆಗುತ್ತದೆ, ಯಾಕೆಂದು ಯಾರಿಗೂ ಗೊತ್ತಿಲ್ಲ.

ಅದನ್ನು ಬಿಡಿಸಿ ಹೇಳಿದ್ದು ಊರಿಗೆ ಬಂದ ಮೇಲೆ ನನ್ನ ಭಾವ. ರಗ್ಬಿಯ ಹೆಸರೂ ಸರಿಯಾಗಿ ಕೇಳದವರು, ಆದರೆ ಪ್ರಾಯದಲ್ಲಿ ಕಬಡ್ಡಿಯಲ್ಲಿ ಕಾರ್ನರ್‌ಗೆ ನಿಲ್ಲುತ್ತಿದ್ದವರು. ಹತ್ತು ನಿಮಿಷ ಸುಮ್ಮನೆ ನೋಡಿ, "ನೀನು ಚೆಂಡಿನ ಹಿಂದೆ ಕಣ್ಣು ಓಡಿಸ್ತಾ ಇದ್ದೀಯ ಮಾರಾಯ. ಬಿದ್ದವನನ್ನು ನೋಡು" ಎಂದರು. ಅಷ್ಟೇ. ಕಬಡ್ಡಿ ನೋಡಿ ಬೆಳೆದ ನಮ್ಮ ಊರವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಡ.

ಬಿದ್ದವನಲ್ಲಿ ಏನು ನೋಡುವುದು? ಕಬಡ್ಡಿಯಲ್ಲಿ ಹಿಡಿದರೆ ಬಿಡಬಾರದು. ಇಲ್ಲಿ ಹಿಡಿದು ಕೆಡವಿದ ಮರುಕ್ಷಣ ಬಿಡಲೇಬೇಕು, ಬಿಟ್ಟು ಪಕ್ಕಕ್ಕೆ ಉರುಳಬೇಕು. ಬಿದ್ದವನೂ ಚೆಂಡನ್ನು ಅಪ್ಪಿಕೊಂಡಿರುವಂತಿಲ್ಲ, ತನ್ನವರ ಕಡೆಗೆ ಚಾಚಿ ನೆಲದಲ್ಲಿಡಬೇಕು. ಉಳಿದವರು ತಮ್ಮ ಬದಿಯ ಹಿಂದಿನಿಂದಲೇ ಬಂದು, ಕಾಲ ಮೇಲೆ ನಿಂತುಕೊಂಡೇ ಒಬ್ಬರನ್ನೊಬ್ಬರು ತಳ್ಳಬೇಕು. ಇದಕ್ಕೆ ರಕ್ ಎನ್ನುತ್ತಾರೆ. ಎದುರಿನವನೊಬ್ಬ ಮೊದಲೇ ಬಂದು, ಕಾಲೂರಿ ಬಗ್ಗಿ ಚೆಂಡಿಗೆ ಕೈ ಹಾಕಿದನೋ, ಬಿದ್ದವನ ಗತಿ ಮುಗಿಯಿತು: ಬಿಟ್ಟರೆ ಚೆಂಡು ಹೋಯಿತು, ಬಿಡದಿದ್ದರೆ ಪೆನಾಲ್ಟಿ. ಆ ಎರಡು ಸೆಕೆಂಡು ಕಣ್ಣಿಗೆ ಬಿದ್ದರೆ, ರೆಫರಿ ವಿಸಿಲ್ ಊದುವ ಮೊದಲೇ ನೀವು "ಹೋಯ್!" ಎನ್ನುತ್ತೀರಿ. ಭಾವ ಎರಡನೇ ಆಟದಲ್ಲೇ ಎಂದರು.

ಚೆಂಡನ್ನು ಕೈಯಲ್ಲಿ ಮುಂದಕ್ಕೆ ಎಸೆಯುವಂತಿಲ್ಲ, ಹಿಂದಕ್ಕೆ ಅಥವಾ ಪಕ್ಕಕ್ಕೆ ಮಾತ್ರ. ಕಾಲಲ್ಲಿ ಒದ್ದು ಮುಂದಕ್ಕೆ ಕಳಿಸಬಹುದು. ಹಿಡಿಯುವುದು ಚೆಂಡು ಇರುವವನನ್ನು ಮಾತ್ರ, ಅದೂ ಹೆಗಲಿನ ಕೆಳಗೆ. ಇಷ್ಟು ಸಾಕು.

ಅಂಕ ಮಾತ್ರ ಬಾಯಿಪಾಠ ಇರಲಿ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, 5. ಅದರ ಬೆನ್ನಿಗೆ ಕಂಬಗಳ ನಡುವೆ ಒದೆಯುವ ಅವಕಾಶ, 2. ಪೆನಾಲ್ಟಿ ಒದೆತಕ್ಕೆ 3, ಆಟದ ನಡುವೆ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿಯುವಾಗ ಒದ್ದು ಕಂಬದ ನಡುವೆ ಕಳಿಸಿದರೂ 3. ಟ್ರೈ ದೊಡ್ಡದು, ಪೆನಾಲ್ಟಿ ಸಣ್ಣದು ಎಂದು ತಾತ್ಸಾರ ಮಾಡಬೇಡಿ. 2023ರ ವಿಶ್ವಕಪ್ ಫೈನಲ್ ನೋಡಿ: ನ್ಯೂಜಿಲೆಂಡ್ ಒಂದು ಟ್ರೈ, ಎರಡು ಪೆನಾಲ್ಟಿ, ಒಟ್ಟು 11. ದಕ್ಷಿಣ ಆಫ್ರಿಕಾ ಟ್ರೈ ಹೊಡೆಯಲೇ ಇಲ್ಲ. ಪೊಲಾರ್ಡ್ ನಾಲ್ಕು ಪೆನಾಲ್ಟಿ ಒದ್ದ, 12, ವಿಶ್ವಕಪ್ ಅವರದ್ದು. ಬ್ಯಾರೆಟ್ ಟ್ರೈ ಹೊಡೆದ ಮೇಲಿನ ಆ ಒದೆತ ಒಳಗೆ ಹೋಗಿದ್ದರೆ 13 ಆಗುತ್ತಿತ್ತು. ಹೋಗಲಿಲ್ಲ. ಪೆನಾಲ್ಟಿಗಳು ಹೆಚ್ಚಾಗಿ ಎಲ್ಲಿಂದ ಬರುತ್ತವೆ ಅಂತೀರಿ? ನೆಲದ ಮೇಲಿನ ತಪ್ಪು, ಹಿಡಿತದ ತಪ್ಪು. ಆ ದಿನ ದಕ್ಷಿಣ ಆಫ್ರಿಕಾದ ಪೀಟರ್-ಸ್ಟೆಫ್ ಡು ಟಾಯ್ಟ್ ಒಬ್ಬನೇ 28 ಸಲ ಎದುರಾಳಿಗಳನ್ನು ಹಿಡಿದು ಕೆಡವಿದ್ದಾನೆ. ಭಾವ ಎಣಿಸುತ್ತಾ ಕೂತವರು ಹದಿನೈದಕ್ಕೆ ಕೈಬಿಟ್ಟರು. ನ್ಯೂಜಿಲೆಂಡಿನ ನಾಯಕ ಸ್ಯಾಮ್ ಕೇನ್ ಎತ್ತರದಲ್ಲಿ ಹಿಡಿದದ್ದಕ್ಕೆ ಮೊದಲು ಹಳದಿ, ಮತ್ತೆ ವಿಡಿಯೋ ನೋಡಿ ಕೆಂಪು ಕಾರ್ಡ್. ಹಳದಿ ಎಂದರೆ 10 ನಿಮಿಷ ಹೊರಗೆ. ಅವನದು ಪೂರ್ತಿ ಆಟವೇ ಹೋಯಿತು. ಕೊನೆಯ ಹೊತ್ತಿಗೆ ಹಳದಿ ಸಿಕ್ಕಿದ ದಕ್ಷಿಣ ಆಫ್ರಿಕಾದ ಕೋಲ್ಬಿ ಕುರ್ಚಿಯಲ್ಲಿ ಕೂತು, ಜರ್ಸಿಯನ್ನು ಮುಖದ ಮೇಲೆ ಎಳೆದುಕೊಂಡುಬಿಟ್ಟ. ಆಟ ನೋಡುವ ಧೈರ್ಯ ಅವನಿಗೂ ಇರಲಿಲ್ಲ.

ಟ್ರೈ ಆಯಿತೋ ಇಲ್ಲವೋ ಎಂಬ ಜಗಳ ನಮಗೆ ಹೊಸತಲ್ಲ. ನಾಲ್ಕು ಜನ ಮೇಲೆ ಬಿದ್ದಿರುವಾಗ ರೈಡರ್ ಕೈ ಚಾಚಿ ಮಧ್ಯಗೆರೆಗೆ ಬೆರಳು ತಾಗಿಸಲು ಒದ್ದಾಡುವುದನ್ನು ನೆನಪಿಸಿಕೊಳ್ಳಿ, ಇಲ್ಲಿಯೂ ಅದೇ. ಗೆರೆಯ ಮೇಲೆ ಚೆಂಡು ತಾಗಿದರೂ ಟ್ರೈ. ವ್ಯತ್ಯಾಸ ಇಷ್ಟೇ: ನಮ್ಮ ಅಂಕಣದಲ್ಲಿ ಆಗ ಅರ್ಧ ಊರು ಒಳಗೆ ಬರುತ್ತದೆ, ಅಲ್ಲಿ ರೆಫರಿ ವಿಡಿಯೋ ನೋಡಿ ಹೇಳುವ ತನಕ ಎಲ್ಲರೂ ಕಾಯುತ್ತಾರೆ. ರೆಫರಿಯ ಮೈಕು ನಮಗೆ ಕೇಳುತ್ತದೆ, ಕಾಮೆಂಟರಿಗಿಂತ ಅದಕ್ಕೆ ಕಿವಿ ಕೊಡಿ. ಯಾಕೆ ವಿಸಿಲ್ ಊದಿದೆ ಎಂದು ಅವನೇ ಹೇಳುತ್ತಾನೆ. ನೂರಿಪ್ಪತ್ತು ಕೆ.ಜಿ.ಯ ಆಸಾಮಿಗಳು ಅವನಿಗೆ "ಸರ್" ಎನ್ನುವುದು ಕೇಳಲಿಕ್ಕೇ ಒಂದು ಚೆಂದ.

ಸ್ಕ್ರಮ್ ಬಂದಾಗ ಹಪ್ಪಳ ಕಾಯಿಸಲು ಎದ್ದು ಹೋಗಬಹುದು. ಎಂಟೆಂಟು ಜನ ತಲೆ ಕೊಟ್ಟು ತಳ್ಳುವುದು, ಹಗ್ಗಜಗ್ಗಾಟವನ್ನು ತಿರುಗಿಸಿ ಹಾಕಿದ ಹಾಗೆ. ಅದು ಕುಸಿದರೆ ತಪ್ಪು ಯಾರದೆಂದು ನಾನಂತೂ ಇವತ್ತಿಗೂ ಹೇಳಲಾರೆ.

ಆದರೆ ಆಟಕ್ಕೆ ಮೊದಲಿನ ಹಾಕಾ ಕುಣಿತ ಬಿಡಬೇಡಿ, ಆಟಕ್ಕೆ ಐದು ನಿಮಿಷ ಮೊದಲೇ ಕೂತುಕೊಳ್ಳಿ. ನ್ಯೂಜಿಲೆಂಡಿನವರು ತೊಡೆ ತಟ್ಟಿ, ನಾಲಿಗೆ ಚಾಚಿ, ಕಣ್ಣು ಕೆಂಪು ಮಾಡುವುದನ್ನು ಮೊದಲ ಸಲ ನೋಡಿ ಅಕ್ಕ, "ಇವರಿಗೆಲ್ಲ ಒಟ್ಟಿಗೇ ಮೈಮೇಲೆ ಬಂತಾ?" ಎಂದು ಕೇಳಿದ್ದಳು. ಎದುರಿನವರು ಹೇಗೆ ನಿಲ್ಲುತ್ತಾರೆ ಎಂಬುದನ್ನೂ ನೋಡಿ. 2019ರ ವಿಶ್ವಕಪ್ ಸೆಮಿಫೈನಲಿನಲ್ಲಿ ಇಂಗ್ಲೆಂಡಿನವರು ಇಂಗ್ಲಿಷಿನ V ಅಕ್ಷರದ ಆಕಾರದಲ್ಲಿ ನಿಂತು ಎದುರಿಸಿದರು. ಮಧ್ಯಗೆರೆ ದಾಟಿದ್ದಕ್ಕೆ ದಂಡ ಕಟ್ಟಿದರು, ಆಟ ಗೆದ್ದರು.

ಇನ್ನೊಂದು, 80 ನಿಮಿಷ ಆಯಿತೆಂದು ಏಳಬೇಡಿ. ಗಡಿಯಾರ ಮುಗಿದರೂ ಚೆಂಡು ಹೊರಗೆ ಹೋಗುವ ತನಕವೋ ಕೈತಪ್ಪಿ ಮುಂದಕ್ಕೆ ಬೀಳುವ ತನಕವೋ ಆಟ ನಡೆಯುತ್ತದೆ; ಪೆನಾಲ್ಟಿ ಸಿಕ್ಕಿದರೆ ಅದನ್ನೂ ಆಡಿಯೇ ಮುಗಿಸುವುದು. 2015ರ ವಿಶ್ವಕಪ್ಪಿನಲ್ಲಿ ಜಪಾನ್, ದಕ್ಷಿಣ ಆಫ್ರಿಕಾದ ಎದುರು 29-32ರಲ್ಲಿತ್ತು. ಕೊನೆಗೆ ಪೆನಾಲ್ಟಿ ಸಿಕ್ಕಿತು, ಒದ್ದರೆ ಸಮ. ಒದೆಯುತ್ತಾರೆ, ಡ್ರಾ, ಇನ್ನೇನು ಎಂದು ನಾನು ದುಬೈ ಕ್ಯಾಂಪಿನ ಟೀವಿ ಬಿಟ್ಟು ಊಟದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತೆ. ಜಪಾನಿನವರು ಒದೆಯದೆ ಸ್ಕ್ರಮ್ ಕೇಳಿದರಂತೆ. 84ನೇ ನಿಮಿಷಕ್ಕೆ ಎಡಮೂಲೆಯಲ್ಲಿ ಟ್ರೈ, 34-32. ನನಗೆ ಗೊತ್ತಾದದ್ದು ಫೋರ್‌ಮನ್ ಒಬ್ಬನೇ ಹೊರಗೆ ಬಂದು, ನಮ್ಮ ಸಾಲಿನ ಪಕ್ಕದಲ್ಲೇ ಹಾದು, ಯಾರನ್ನೂ ನೋಡದೆ ಗಾಡಿ ಹತ್ತಿದಾಗ.