ಲ್ಯಾಪ್‌ಟಾಪಿಗೆ ವೈಫೈ ಸಿಗುತ್ತಿಲ್ಲವೇ? ಮೊದಲು ಆ ಪಿನ್ನು ಕೆಳಗಿಡಿ

ಹೋದ ಮಳೆಗಾಲದಲ್ಲಿ ಶಿರಸಿ ಹತ್ತಿರದ ಊರಿಂದ ನಮ್ಮ ದೊಡ್ಡಪ್ಪನ ಫೋನು. 'ತಮಾ, ಲ್ಯಾಪ್‌ಟಾಪಿಗೆ ನೆಟ್ ಬತ್ತಿಲ್ಲೆ. ಡಬ್ಬಿ ಹಿಂದೆ ಸಣ್ಣ ತೂತಿತ್ತು, ಪಿನ್ನು ಹಾಕಿ ಒತ್ತಿ ನೋಡ್ದಿ. ಈಗ ಮೊಬೈಲಿಗೂ ಬತ್ತಿಲ್ಲೆ.'

ಡಬ್ಬಿ ಎಂದರೆ ಮನೆಗೆ ವೈಫೈ ಕೊಡುವ ರೌಟರ್. ಆ ತೂತಿನ ಹೆಸರು ರಿಸೆಟ್. ಅದನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಕೇಬಲ್‌ನವರು ತುಂಬಿಸಿಟ್ಟ ಯೂಸರ್‌ನೇಮು, ಪಾಸ್‌ವರ್ಡು, ನೀವಿಟ್ಟ ವೈಫೈ ಹೆಸರು ಎಲ್ಲವೂ ಅಳಿಸಿಹೋಗುತ್ತದೆ. ಮತ್ತೆ ಕೇಬಲ್ ಹುಡುಗನೇ ಬರಬೇಕು. ಆ ಮಳೆಯಲ್ಲಿ ಆತ ಘಟ್ಟದ ಆ ಮೂಲೆಗೆ ಬರುವಷ್ಟರಲ್ಲಿ ಐದು ದಿನ ಆಗಿತ್ತು. ಇಷ್ಟಕ್ಕೂ ಆಗಿದ್ದೇನು? ಮೊಮ್ಮಗಳು ಗೇಮ್ ಆಡುತ್ತ ಕೀಬೋರ್ಡಿನ ವಿಮಾನದ ಚಿತ್ರದ ಗುಂಡಿ ಒತ್ತಿದ್ದಳು. ಲ್ಯಾಪ್‌ಟಾಪು ಫ್ಲೈಟ್ ಮೋಡಿಗೆ ಹೋಗಿತ್ತು, ಅಷ್ಟೇ.

ಹಾಗಾಗಿ ಏನನ್ನೂ ಮುಟ್ಟುವ ಮೊದಲು ತಪ್ಪು ಯಾರದ್ದು ಎಂದು ಗೊತ್ತುಮಾಡಿಕೊಳ್ಳಿ. ಲ್ಯಾಪ್‌ಟಾಪಿನದ್ದೋ, ಡಬ್ಬಿಯದ್ದೋ, ಹೊರಗಿನ ತಂತಿಯದ್ದೋ?

ಹೆಜ್ಜೆ 1. ಮೊಬೈಲ್ ತೆಗೆದುಕೊಳ್ಳಿ. ಮೊಬೈಲ್ ಡೇಟಾ ಆಫ್ ಮಾಡಿ. ಇದನ್ನು ಎಲ್ಲರೂ ಮರೆಯುತ್ತಾರೆ, ಸಿಮ್ಮಿನ ನೆಟ್ಟಲ್ಲಿ ವಾಟ್ಸ್ಆ್ಯಪ್ ಬಂದಿದ್ದನ್ನು ನೋಡಿ 'ವೈಫೈ ಸರಿ ಇದೆ' ಅನ್ನುತ್ತಾರೆ. ಈಗ ಮನೆಯ ವೈಫೈಗೆ ಸೇರಿ ಯಾವುದಾದರೂ ಪುಟ ತೆರೆಯಿರಿ. ಬಂದರೆ ತಪ್ಪು ಲ್ಯಾಪ್‌ಟಾಪಿನದ್ದು. ಬರದಿದ್ದರೆ ಡಬ್ಬಿಯ ದೀಪ ನೋಡಿ. ಫೈಬರ್ ಡಬ್ಬಿಯಲ್ಲಿ 'ಎಲ್ಒಎಸ್' ಎಂಬ ದೀಪ ಕೆಂಪಾಗಿದ್ದರೆ ಬೆಳಕು ಮನೆತನಕ ಬರುತ್ತಿಲ್ಲ ಎಂದರ್ಥ. ಎಲ್ಲೋ ಮರದ ಕೊಂಬೆ ತಂತಿಯ ಮೇಲೆ ಬಿದ್ದಿರುತ್ತದೆ. ಅದಕ್ಕೆ ನೀವು ಮಾಡುವುದು ಏನೂ ಇಲ್ಲ. ಕೇಬಲ್‌ನವರಿಗೆ ಫೋನ್ ಮಾಡಿ, ಚಹಾ ಕುಡಿಯಿರಿ.

ಹೆಜ್ಜೆ 2. ಫ್ಲೈಟ್ ಮೋಡ್ ಆಫ್ ಇದೆಯೇ ನೋಡಿ. ಹಳೇ ಲ್ಯಾಪ್‌ಟಾಪುಗಳಲ್ಲಿ ಪಕ್ಕದಲ್ಲೇ ಸಣ್ಣ ಸ್ವಿಚ್ಚು ಇರುವುದುಂಟು.

ಹೆಜ್ಜೆ 3. ಡಬ್ಬಿಯನ್ನು ಪ್ಲಗ್ಗಿನಲ್ಲೇ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಹಾಕಿ. ಲ್ಯಾಪ್‌ಟಾಪಿಗೆ 'ಶಟ್‌ಡೌನ್' ಬೇಡ, 'ರಿಸ್ಟಾರ್ಟ್' ಕೊಡಿ. ಎರಡೂ ಒಂದೇ ಅಲ್ವಾ ಅಂತ ಕೇಳುತ್ತಾರೆ. ಅಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಬೇಗ ಶುರುವಾಗಲಿ ಎಂದು ಶಟ್‌ಡೌನ್ ಮಾಡಿದಾಗಲೂ ಒಳಗಿನ ಸ್ಥಿತಿಯನ್ನು ಉಳಿಸಿಡುವ ಏರ್ಪಾಡು ಇದೆ. ಕೆಟ್ಟ ಸ್ಥಿತಿಯೂ ಹಾಗೇ ಉಳಿಯುತ್ತದೆ. ರಿಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲ ಹೊಸದಾಗಿ ಶುರು.

ಹೆಜ್ಜೆ 4. ಪಟ್ಟಿಯಲ್ಲಿ ನಿಮ್ಮ ವೈಫೈ ಹೆಸರು ಕಾಣುತ್ತದೆಯೇ? ಮೊಬೈಲಿನಲ್ಲಿ ಕಂಡು ಲ್ಯಾಪ್‌ಟಾಪಿನಲ್ಲಿ ಕಾಣದಿದ್ದರೆ ಅದು 5 ಗಿಗಾಹರ್ಟ್ಸ್ ವೈಫೈ ಇರಬಹುದು. ಮನೆಯ ವೈಫೈ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬಗೆಯ ಅಲೆಗಳಲ್ಲಿ ಬರುತ್ತದೆ. ಹಳೇ ಲ್ಯಾಪ್‌ಟಾಪುಗಳಿಗೆ ಎಷ್ಟೋ ಸಲ 2.4 ಮಾತ್ರ ಹಿಡಿಯುತ್ತದೆ. ಜೊತೆಗೆ, 5ಕ್ಕೆ ಓಟ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. ನಮ್ಮ ಕಡೆಯ ಚಿರೆಕಲ್ಲಿನ ದಪ್ಪ ಗೋಡೆ ಎರಡು ಅಡ್ಡ ಬಂದರೆ ಅದರ ಕತೆ ಮುಗಿಯಿತು. ಲ್ಯಾಪ್‌ಟಾಪನ್ನು ಡಬ್ಬಿಯ ಎದುರಿಗೇ ತಂದಿಟ್ಟು ನೋಡಿ. ಅಲ್ಲಿ ಬಂದು ಕೋಣೆಯಲ್ಲಿ ಬರದಿದ್ದರೆ ದೋಷ ದೂರದ್ದು. ಅದಕ್ಕೆಂದು ಅಗ್ಗದ 'ಸಿಗ್ನಲ್ ಬೂಸ್ಟರ್' ತರಬೇಡಿ. ಅದು ಕೇಳಿದ್ದನ್ನೇ ಮತ್ತೊಮ್ಮೆ ಕೂಗುವ ಯಂತ್ರ, ಕೂಗುವುದರಲ್ಲೇ ಅರ್ಧ ವೇಗ ಹೋಗುತ್ತದೆ. ಅದೇ ದುಡ್ಡಿಗೆ ಡಬ್ಬಿಗೂ ಲ್ಯಾಪ್‌ಟಾಪಿಗೂ ಚುಚ್ಚುವ ಲ್ಯಾನ್ ಕೇಬಲ್ ತಂದು ಮೆತ್ತಿ (ಅಟ್ಟ) ಮೇಲಿಂದ ಎಳೆಯಿರಿ. 100 ಮೀಟರ್ ತನಕ ತೊಂದರೆಯಿಲ್ಲ.

ಹೆಜ್ಜೆ 5. ಜನ ಎಡವುವುದು ಇಲ್ಲಿ. ವೈಫೈ ಸೇರಿದೆ, ಗುರುತೂ ಬಂದಿದೆ, ಆದರೆ 'ನೋ ಇಂಟರ್ನೆಟ್' ಎಂದು ತೋರಿಸುತ್ತದೆ. ಇಲ್ಲಿಗೆ ಬಂದವರು ಸುಮ್ನೆ ಸಿಕ್ಕಿದ್ದನ್ನೆಲ್ಲ ಒತ್ತುತ್ತಾರೆ. ಕೈ ಕಟ್ಟಿ, ಎರಡು ನಿಮಿಷ ಓದಿ.

ವಿಂಡೋಸ್ ಗುಂಡಿ ಒತ್ತಿ ಇಂಗ್ಲಿಷಿನಲ್ಲಿ ಸಿ, ಎಂ, ಡಿ ಎಂದು ಮೂರಕ್ಷರ ಹೊಡೆದು ಎಂಟರ್ ಕೊಡಿ. ಕಪ್ಪು ಪರದೆ ಬರುತ್ತದೆ. ಹೆದರಬೇಡಿ, ಇಲ್ಲಿ ನೋಡುವುದಷ್ಟೇ ಕೆಲಸ. ಇಂಗ್ಲಿಷಿನಲ್ಲೇ 'ಐಪಿಕಾನ್ಫಿಗ್' (ipconfig) ಎಂದು ನಡುವೆ ಜಾಗ ಬಿಡದೆ ಬರೆದು ಎಂಟರ್ ಒತ್ತಿ. ವೈಫೈ ಎಂಬ ತಲೆಬರಹದ ಕೆಳಗೆ 'ಐಪಿವಿ4 ಅಡ್ರೆಸ್' ಎಂಬ ಸಾಲು ಹುಡುಕಿ.

ಅದು 192.168 ಎಂದು ಶುರುವಾಗಿದ್ದರೆ ಸಾಮಾನ್ಯವಾಗಿ ಒಳ್ಳೆಯದು. ಡಬ್ಬಿ ಲ್ಯಾಪ್‌ಟಾಪಿಗೆ ಮನೆ ನಂಬರು ಕೊಟ್ಟಿದೆ. 169.254 ಎಂದು ಶುರುವಾಗಿದ್ದರೆ ಡಬ್ಬಿ ನಂಬರು ಕೊಟ್ಟೇ ಇಲ್ಲ, ಕಾದು ಕಾದು ಬೇಸತ್ತ ಲ್ಯಾಪ್‌ಟಾಪು ತಾನೇ ಒಂದು ನಂಬರು ಹಚ್ಚಿಕೊಂಡಿದೆ. ನಂಬರು ಏನೇ ಇರಲಿ, ಸೆಟ್ಟಿಂಗ್ಸಿನಲ್ಲಿ ಆ ವೈಫೈನ ವಿವರ ತೆರೆದು 'ಐಪಿ ಅಸೈನ್‌ಮೆಂಟ್' ಎಂಬಲ್ಲಿ 'ಆಟೊಮ್ಯಾಟಿಕ್' ಇದೆಯೇ ನೋಡಿ. ಬೆಂಗಳೂರಿನ ಕಚೇರಿಯಿಂದ ಬಂದ ಲ್ಯಾಪ್‌ಟಾಪುಗಳಲ್ಲಿ ಅಲ್ಲಿಯ ನಂಬರನ್ನು ಕೈಯಾರೆ ಹಾಕಿಟ್ಟಿರುವುದುಂಟು. ಅಲ್ಲಿ ಸರಿ ಇದ್ದೂ 169.254 ಬರುತ್ತಿದ್ದರೆ ಆ ವೈಫೈಯನ್ನು 'ಫರ್ಗೆಟ್' ಮಾಡಿ ಮತ್ತೆ ಸೇರಿ. ಒತ್ತುವ ಮೊದಲು ಪಾಸ್‌ವರ್ಡ್ ಗೊತ್ತಿದೆಯೇ ಯೋಚಿಸಿ! ಗೊತ್ತಿಲ್ಲದಿದ್ದರೆ ಆ್ಯಂಡ್ರಾಯ್ಡ್ ಮೊಬೈಲಿನ ವೈಫೈ ಸೆಟ್ಟಿಂಗಿನಲ್ಲಿ 'ಶೇರ್' ಒತ್ತಿ. ಚೌಕದ ಕ್ಯೂಆರ್ ಚಿತ್ರದ ಕೆಳಗೆ ಹೆಚ್ಚಿನ ಫೋನುಗಳಲ್ಲಿ ಪಾಸ್‌ವರ್ಡೂ ಕಾಣುತ್ತದೆ. ದೊಡ್ಡಕ್ಷರ, ಸಣ್ಣಕ್ಷರ ನೋಡಿ ಬರೆದುಕೊಳ್ಳಿ. ಕ್ಯಾಲೆಂಡರಿನ ಹಿಂದೆ ಬರೆದಿಟ್ಟರೆ ಇನ್ನೂ ಒಳ್ಳೆಯದು.

ನಂಬರು ಸರಿ ಇದ್ದೂ ಪುಟ ಬರದಿದ್ದರೆ ಅದೇ ಕಪ್ಪು ಪರದೆಯಲ್ಲಿ 'ಡಿಫಾಲ್ಟ್ ಗೇಟ್‌ವೇ' ಎದುರಿನ ನಂಬರು ನೋಡಿಕೊಳ್ಳಿ. ಅದೇ ಡಬ್ಬಿಯ ವಿಳಾಸ. 'ಪಿಂಗ್' (ping) ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಆ ನಂಬರು ಹಾಕಿ. 'ರಿಪ್ಲೈ' ಎಂದು ನಾಲ್ಕು ಸಾಲು ಬಂದರೆ ಡಬ್ಬಿತನಕ ದಾರಿ ಸರಿ. ಈಗ ಅದೇ ರೀತಿ ಹೊರಗಿನ ಇಂಟರ್ನೆಟ್ಟಿನಲ್ಲಿರುವ ಗೂಗಲ್ ವಿಳಾಸ 8.8.8.8ಕ್ಕೆ ಪಿಂಗ್ ಕೊಡಿ. ಅದಕ್ಕೂ ಉತ್ತರ ಬಂದು ಪುಟ ಮಾತ್ರ ತೆರೆಯದಿದ್ದರೆ ಕೆಟ್ಟಿರುವುದು ಹೆಚ್ಚಾಗಿ ಡಿಎನ್ಎಸ್, ಅಂದರೆ ಹೆಸರಿಂದ ನಂಬರು ಹುಡುಕಿಕೊಡುವ ಡೈರೆಕ್ಟರಿ. 'ಡಿಎನ್ಎಸ್ ಸರ್ವರ್ ಅಸೈನ್‌ಮೆಂಟ್'ನಲ್ಲಿ 8.8.8.8 ಹಾಕಿ. 8.8.8.8 ಉತ್ತರಿಸದೆ ಮೊಬೈಲಿಗೆ ಮಾತ್ರ ನೆಟ್ ಬರುತ್ತಿದ್ದರೆ ಕಚೇರಿಯ ವಿಪಿಎನ್ (ನೆಟ್ಟನ್ನು ಕಚೇರಿಯ ದಾರಿಯಲ್ಲೇ ಕಳಿಸುವ ಏರ್ಪಾಡು) ಮೇಲೆ ನನಗೆ ಮೊದಲ ಅನುಮಾನ. ಅದನ್ನು ಆಫ್ ಮಾಡಿ ನೋಡಿ.

ಪುಟಗಳು 'ಸುರಕ್ಷಿತವಲ್ಲ' ಎಂದು ತಕರಾರು ಮಾಡಿದರೆ ಮೂಲೆಯ ತಾರೀಕು ನೋಡಿ. ತುಂಬ ದಿನ ಪೆಟ್ಟಿಗೆಯಲ್ಲಿದ್ದ ಲ್ಯಾಪ್‌ಟಾಪಿಗೆ ತಾರೀಕು ಮರೆತಿರುತ್ತದೆ.

ಹೆಜ್ಜೆ 6. ಇಷ್ಟಕ್ಕೂ ಬಗ್ಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ 'ನೆಟ್‌ವರ್ಕ್ ರಿಸೆಟ್' ಎಂದು ಹುಡುಕಿ ಒತ್ತಿ. ಇದು ಲ್ಯಾಪ್‌ಟಾಪಿನದ್ದು, ಡಬ್ಬಿಯ ತೂತಲ್ಲ. ಎಲ್ಲ ವೈಫೈ ಪಾಸ್‌ವರ್ಡುಗಳನ್ನು ಮತ್ತೆ ಹಾಕಬೇಕಾಗುತ್ತದೆ.

ಹೆಜ್ಜೆ 7. ವೈಫೈ ಎಂಬ ಗುರುತೇ ಮಾಯವಾಗಿದ್ದರೆ ವೈಫೈ ಕಾರ್ಡನ್ನು ನಡೆಸುವ ಸಾಫ್ಟ್‌ವೇರು, ಅಂದರೆ ಡ್ರೈವರ್ ಹೋಗಿದೆ, ಇಲ್ಲವೇ ವೈಫೈ ಕಾರ್ಡೇ ಹೋಗಿದೆ. ಮೊಬೈಲನ್ನು ಚಾರ್ಜರ್ ವಯರಿನಲ್ಲಿ ಲ್ಯಾಪ್‌ಟಾಪಿಗೆ ಚುಚ್ಚಿ 'ಯುಎಸ್‌ಬಿ ಟೆದರಿಂಗ್' (ಮೊಬೈಲಿನ ನೆಟ್ಟನ್ನು ವಯರಿನಲ್ಲಿ ಹಂಚುವುದು) ಹಾಕಿದರೆ ಕೂಡಲೇ ನೆಟ್ ಬರುತ್ತದೆ. ಮಗನಿಗೆ ಹತ್ತು ನಿಮಿಷದಲ್ಲಿ ಮೀಟಿಂಗ್ ಇದ್ದರೆ ಮೊದಲ ಹೆಜ್ಜೆಯೇ ಇದಾಗಲಿ. ಆಮೇಲೆ ಲ್ಯಾಪ್‌ಟಾಪ್ ಕಂಪನಿಯ ತಾಣದಿಂದಲೇ ಡ್ರೈವರ್ ಇಳಿಸಿಕೊಳ್ಳಿ. 'ಎಲ್ಲ ಡ್ರೈವರ್ ನಾವೇ ಸರಿ ಮಾಡುತ್ತೇವೆ' ಎನ್ನುವ ಪುಕ್ಕಟೆ ಸಾಫ್ಟ್‌ವೇರು ಹಾಕಬೇಡಿ, ಅವುಗಳಿಂದ ಕೆಟ್ಟಿದ್ದನ್ನು ರಿಪೇರಿ ಮಾಡಿ ನನಗೆ ಸಾಕಾಗಿದೆ. ಕಾರ್ಡೇ ಹೋಗಿದ್ದರೆ ಯುಎಸ್‌ಬಿಗೆ ಚುಚ್ಚುವ ಹೆಬ್ಬೆರಳ ತುದಿಯಷ್ಟು ದೊಡ್ಡ ವೈಫೈ ಅಡಾಪ್ಟರ್ ಅಂಗಡಿಯಲ್ಲಿ ಸಿಗುತ್ತದೆ. 'ಡ್ಯುಯಲ್ ಬ್ಯಾಂಡ್' (2.4, 5 ಎರಡೂ ಹಿಡಿಯುವಂಥದ್ದು) ಎಂದು ಬರೆದಿದೆಯೇ ನೋಡಿ ತನ್ನಿ. ತೀರ ಅಗ್ಗದ್ದು 2.4 ಮಾತ್ರ ಹಿಡಿಯುತ್ತದೆ.