ಎನ್ರಾನ್ ವರದಿ ಮುಂದಿಟ್ಟುಕೊಂಡು ಲೆಕ್ಕದ ಕಳ್ಳಾಟ ಹಿಡಿಯುವುದು ಹೇಗೆ

ಆಡಿಟ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಓದಿಸುವುದು ಎನ್ರಾನ್ ಕಂಪನಿಯ 2000ನೇ ಇಸವಿಯ ಲೆಕ್ಕ. ಹೂಸ್ಟನ್‌ನ ಈ ಎನರ್ಜಿ ಕಂಪನಿ 2001ರ ಡಿಸೆಂಬರ್ 2ರಂದು ದಿವಾಳಿ ಅರ್ಜಿ ಹಾಕಿತು. ಎಲ್ಲವನ್ನೂ ಗುಟ್ಟಾಗಿ ಮುಚ್ಚಿಟ್ಟಿದ್ದರು ಅಂತ ಜನ ಅಂದುಕೊಂಡಿದ್ದಾರೆ. ಆದರೆ ಅನುಮಾನ ಹುಟ್ಟಿಸುವಷ್ಟು ವಿಷಯ ವರದಿಯಲ್ಲೇ ಅಚ್ಚಾಗಿತ್ತು. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಎಡ್ಗರ್ ತಾಣದಲ್ಲಿ ‘10-ಕೆ’ ಅನ್ನುವ ಫೈಲ್, ಅಂದರೆ ಕಂಪನಿಯ ವಾರ್ಷಿಕ ವರದಿ, ಪುಕ್ಕಟೆ ಸಿಗುತ್ತದೆ. ಇಳಿಸಿಕೊಂಡು, ಪೆನ್ಸಿಲ್ ಹಿಡಿದು ಕೂತ್ಕೊಳ್ಳಿ.

ಮೊದಲು ವರಮಾನ ಮತ್ತು ಲಾಭವನ್ನು ಅಕ್ಕಪಕ್ಕ ಬರೆದುಕೊಳ್ಳಿ. 1999ರಲ್ಲಿ ವರಮಾನ ಸುಮಾರು 4,000 ಕೋಟಿ ಡಾಲರ್, 2000ದಲ್ಲಿ 10,000 ಕೋಟಿಗೂ ಜಾಸ್ತಿ. ಲಾಭ? 89.3 ಕೋಟಿಯಿಂದ 97.9 ಕೋಟಿಗೆ ಬಂತು, ಅಷ್ಟೇ. ನೂರು ಡಾಲರ್ ವ್ಯಾಪಾರಕ್ಕೆ ಒಂದು ಡಾಲರೂ ಉಳಿದಿಲ್ಲ. ಗ್ಯಾಸ್, ಕರೆಂಟು ಕೊಂಡು ಮಾರುವಾಗ ತನಗೆ ಉಳಿದದ್ದನ್ನಷ್ಟೇ ಅಲ್ಲ, ವಹಿವಾಟಿನ ಪೂರ್ತಿ ಮೊತ್ತವನ್ನೇ ಎನ್ರಾನ್ ವರಮಾನ ಅಂತ ತೋರಿಸುತ್ತಿತ್ತು. ಮನೆ ಮಾರಿಸಿಕೊಟ್ಟ ಬ್ರೋಕರ್ ಇಡೀ ಮನೆಯ ಬೆಲೆಯನ್ನು ತನ್ನ ಸಂಪಾದನೆ ಅಂದ ಹಾಗೆ.

ಆಮೇಲೆ, ಲಾಭದ ಬೆಲೆ ಕಟ್ಟಿದ್ದು ಯಾರು ಅಂತ ಕೇಳಿ. ‘ಮಾರ್ಕ್ ಟು ಮಾರ್ಕೆಟ್’ ಪದ್ಧತಿಯಲ್ಲಿ, ಮುಂದೆ ವರ್ಷಗಟ್ಟಲೆ ಬರಬಹುದಾದ ಲಾಭವನ್ನು ಇವತ್ತೇ ಲೆಕ್ಕಕ್ಕೆ ತರಬಹುದು. ಪೇಟೆಯಲ್ಲಿ ಬೆಲೆ ಇರುವ ಸರಕಿಗೆ ಇದು ಸರಿಯೇ. ಪೇಟೆಯೇ ಇಲ್ಲದಿದ್ದರೆ ಕಂಪನಿ ಹೇಳಿದ್ದೇ ಬೆಲೆ. ವಿಡಿಯೊ ಬಾಡಿಗೆ ಅಂಗಡಿಗಳ ಕಂಪನಿ ಬ್ಲಾಕ್‌ಬಸ್ಟರ್ ಜೊತೆ ಸಿನಿಮಾ ಪ್ರಸಾರಕ್ಕೆ 2000ದಲ್ಲಿ ಮಾಡಿಕೊಂಡ 20 ವರ್ಷದ ಒಪ್ಪಂದದಿಂದ ಸುಮಾರು 11 ಕೋಟಿ ಡಾಲರ್ ಲಾಭ ಬರೆದುಕೊಂಡರು. 2001ರ ಮಾರ್ಚ್‌ನಲ್ಲಿ ಒಪ್ಪಂದವೇ ಮುರಿದುಬಿತ್ತು.

ಮೂರನೆಯದು ನಗದು, ಅಂದರೆ ವರ್ಷದ ವ್ಯವಹಾರದಿಂದ ಕೈಗೆ ಬಂದ ದುಡ್ಡು. ಇಲ್ಲಿ ಜಾಗ್ರತೆ, ಯಾಕಂದ್ರೆ ಈ ಅಂಕಿ ನೋಡಲು ಚೆನ್ನಾಗಿಯೇ ಇದೆ: 477.9 ಕೋಟಿ ಡಾಲರ್. ಆದರೆ ಬ್ಯಾಲೆನ್ಸ್ ಶೀಟ್‌ನ (ಆಸ್ತಿ, ಸಾಲಗಳ ಪಟ್ಟಿ) ಸಾಲದ ಕಡೆ ನೋಡಿದರೆ, ಒಪ್ಪಂದಗಳಿಗೆ ಭದ್ರತೆಯಾಗಿ ಗ್ರಾಹಕರು ಇಟ್ಟ ಠೇವಣಿ ಒಂದೇ ವರ್ಷದಲ್ಲಿ 400 ಕೋಟಿ ದಾಟಿದೆ. ಅದು ಬೇರೆಯವರ ದುಡ್ಡು, ಎನರ್ಜಿ ಬೆಲೆ ಇಳಿದರೆ ವಾಪಸ್ ಕೊಡಬೇಕು. 2001ರ ಮೊದಲ ಆರು ತಿಂಗಳಲ್ಲಿ ವ್ಯವಹಾರದ ನಗದು ಮೈನಸ್‌ಗೆ ಹೋಯಿತು.

ಈಗ ಹಿಂದಿನ ಪುಟಗಳಿಗೆ ಬನ್ನಿ, ಟಿಪ್ಪಣಿ 16. ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಇದೇ ಮುಖ್ಯ. ನಿಧಾನವಾಗಿ ಓದಿ. ಕೆಲವು ಪಾಲುದಾರಿಕೆ ಸಂಸ್ಥೆಗಳ ಜೊತೆ ಎನ್ರಾನ್ ವ್ಯವಹಾರ ಮಾಡಿದೆ, ಅವುಗಳನ್ನು ನಡೆಸುವವರು ಎನ್ರಾನ್‌ನ ‘ಒಬ್ಬ ಹಿರಿಯ ಅಧಿಕಾರಿ’ ಅಂತ ಇದೆ. ಹೆಸರಿಲ್ಲ! ಅವರು ಕಂಪನಿಯ ಹಣಕಾಸು ಮುಖ್ಯಸ್ಥ ಆಂಡ್ರ್ಯೂ ಫಾಸ್ಟೋ. ಅಂದರೆ ಮಾರುವವರ ಕಡೆಯೂ ಅವರೇ, ಕೊಳ್ಳುವವರ ಕಡೆಯೂ ಅವರೇ. ಇನ್ನೂ ಕೆಳಗೆ, ಎನ್ರಾನ್ ತನ್ನದೇ ಷೇರುಗಳನ್ನು ಕೊಟ್ಟು ನಿಲ್ಲಿಸಿದ ಹೊಸ ಸಂಸ್ಥೆಗಳ ಜೊತೆಗಿನ ಡೆರಿವೇಟಿವ್ ಒಪ್ಪಂದಗಳಿಂದ (ಬೇರೊಂದು ಆಸ್ತಿಯ ಬೆಲೆಯ ಏರಿಳಿತಕ್ಕೆ ಕಟ್ಟಿದ ಒಪ್ಪಂದಗಳು) ಸುಮಾರು 50 ಕೋಟಿ ಡಾಲರ್ ವರಮಾನ ತೋರಿಸಿ, ಬೇರೆ ಹೂಡಿಕೆಗಳ ಏರಿಳಿತಕ್ಕೆ ಸರಿದೂಗಿಸಿದ್ದಾಗಿ ಬರೆದಿದ್ದಾರೆ. ಪಕ್ಕದಲ್ಲೇ ಆ ವರ್ಷದ ಲಾಭ 97.9 ಕೋಟಿ ಅಂತ ಬರೆದು ನೋಡಿ. ಆ 50 ಕೋಟಿ ತೆರಿಗೆಗೆ ಮುಂಚಿನದು, ಲಾಭ ತೆರಿಗೆ ಕಳೆದ ಮೇಲಿನದು ಅಂತಿಟ್ಟುಕೊಂಡರೂ ತಲೆ ತಿರುಗುತ್ತದೆ, ಅಲ್ವಾ? ಎನ್ರಾನ್ ಷೇರು ಬಿದ್ದರೆ ಆ ಸಂಸ್ಥೆಗಳ ಕೈಯಲ್ಲಿ ಎನ್ರಾನ್‌ಗೆ ಕೊಡಲು ಏನೂ ಉಳಿಯುವುದಿಲ್ಲ. ಆಗಿದ್ದೂ ಅದೇ. 2001ರ ಅಕ್ಟೋಬರ್ 16ರಂದು ಕಂಪನಿ 61.8 ಕೋಟಿ ಡಾಲರ್ ನಷ್ಟ ಪ್ರಕಟಿಸಿತು, ಷೇರುದಾರರ ಬಂಡವಾಳದಿಂದ 120 ಕೋಟಿ ಕಳೆಯಿತು.

ಆಡಿಟರ್ ಫೀಸನ್ನೂ ಒಮ್ಮೆ ನೋಡಿಬಿಡಿ. ಎನ್ರಾನ್‌ನ ಆಡಿಟ್ ಸಂಸ್ಥೆ ಆರ್ಥರ್ ಆಂಡರ್ಸನ್‌ಗೆ 2000ದಲ್ಲಿ ಆಡಿಟ್‌ಗೆ 2.5 ಕೋಟಿ ಡಾಲರ್, ಸಲಹೆ ಮುಂತಾದ ಬೇರೆ ಕೆಲಸಗಳಿಗೆ 2.7 ಕೋಟಿ. ಅಷ್ಟು ದುಡ್ಡು ಕೊಡುವವರ ಲೆಕ್ಕವನ್ನು ಪ್ರಶ್ನಿಸುವುದು ಕಷ್ಟ, ಜಾಸ್ತಿ ವಿವರಣೆ ಬೇಕಿಲ್ಲ.

ಕೊನೆಗೆ, ಟಿಪ್ಪಣಿ ಎಷ್ಟು ಓದಿದರೂ ಅರ್ಥವಾಗದಿದ್ದರೆ ಸುಮ್ನೆ ತಲೆಯಾಡಿಸಬೇಡಿ. ಕಂಪನಿಯನ್ನೇ ಕೇಳಿ, ಉತ್ತರದ ಧಾಟಿ ಗಮನಿಸಿ. 2001ರ ಏಪ್ರಿಲ್‌ನಲ್ಲಿ ಒಬ್ಬ ಹೂಡಿಕೆದಾರ, ಗಳಿಕೆಯ ಜೊತೆ ಬ್ಯಾಲೆನ್ಸ್ ಶೀಟ್ ಯಾಕೆ ಕೊಡುವುದಿಲ್ಲ ಅಂತ ಫೋನ್ ಸಭೆಯಲ್ಲಿ ಕೇಳಿದ್ದಕ್ಕೆ ಸಿಇಒ ಜೆಫ್ರಿ ಸ್ಕಿಲ್ಲಿಂಗ್ ಎಲ್ಲರಿಗೂ ಕೇಳಿಸುವಂತೆ ಕೆಟ್ಟದಾಗಿ ಬೈದರು. ಅದಾದ ಮೇಲೂ ವಾಲ್ ಸ್ಟ್ರೀಟ್‌ನ ಬಹುತೇಕ ಅನಲಿಸ್ಟ್‌ಗಳು ಷೇರು ಕೊಳ್ಳಿ ಅಂತಲೇ ಹೇಳುತ್ತಿದ್ದರು.